ಹೈಬ್ರಿಡ್ ಕಾರಿನ ಮೈಲೇಜ್ ಚಾಲಕನ ಪಾದದಲ್ಲಿ

ಸಂಜೆ ಏಳರ ಹೊತ್ತಿಗೆ ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ವಾಹನಗಳು ಕಣ್ಣು ಹಾಯುವಷ್ಟು ದೂರ ಸಾಲುಗಟ್ಟಿರುತ್ತವೆ. ಬೈಕು, ಆಟೊ, ಬಿಎಂಟಿಸಿ ಬಸ್ಸು, ಕಾರು ಎಲ್ಲವೂ ನಿಂತಲ್ಲೇ ಗುರುಗುಟ್ಟುತ್ತ ಇಂಧನ ಸುಡುತ್ತಿರುತ್ತವೆ. ಅವುಗಳ ನಡುವೆ ಒಂದು ಹೈಬ್ರಿಡ್ ಕಾರು ಸದ್ದಿಲ್ಲದೆ ನಿಂತಿರುತ್ತದೆ. ಒಳಗೆ ಎ.ಸಿ. ತಣ್ಣಗೆ ಬೀಸುತ್ತಿದೆ, ಹಾಡು ಕೇಳುತ್ತಿದೆ, ಎಂಜಿನ್ ಮಾತ್ರ ಬಂದ್ ಆಗಿದೆ. ಮುಂದಿನ ವಾಹನ ಹತ್ತಡಿ ಸರಿದಾಗ ಇದೂ ಸದ್ದು ಮಾಡದೆ ಹತ್ತಡಿ ಸರಿಯುತ್ತದೆ. ಅಷ್ಟು ಹೊತ್ತಿಗೆ ಒಂದು ಹನಿ ಪೆಟ್ರೋಲೂ ಖರ್ಚಾಗಿರುವುದಿಲ್ಲ.

ಇಂಥ ಕಾರು ಕೊಂಡವರಲ್ಲಿ ಹೆಚ್ಚಿನವರು ಮೈಲೇಜನ್ನು ಕಾರೇ ನೋಡಿಕೊಳ್ಳುತ್ತದೆ ಎಂದುಕೊಂಡಿರುತ್ತಾರೆ. ಅದು ಅರ್ಧ ನಿಜ. ಯಾವಾಗ ಎಂಜಿನ್ ದುಡಿಯಬೇಕು, ಯಾವಾಗ ಎಲೆಕ್ಟ್ರಿಕ್ ಮೋಟರ್ ದುಡಿಯಬೇಕು ಎಂಬುದನ್ನು ಕಾರಿನ ಕಂಪ್ಯೂಟರೇ ತೀರ್ಮಾನಿಸುತ್ತದೆ. ಆದರೆ ಆ ತೀರ್ಮಾನಕ್ಕೆ ಬೇಕಾದ ಸುದ್ದಿ ಅದಕ್ಕೆ ಸಿಗುವುದು ಚಾಲಕನ ಬಲಪಾದದಿಂದ. ಆಕ್ಸಲರೇಟರನ್ನು ಎಷ್ಟು ಒತ್ತಿದರು, ಯಾವಾಗ ಬಿಟ್ಟರು, ಬ್ರೇಕಿಗೆ ಎಷ್ಟು ದೂರದಿಂದಲೇ ಕಾಲಿಟ್ಟರು ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ. ಒಂದೇ ಮಾದರಿಯ ಕಾರು, ಒಂದೇ ರಸ್ತೆಯಾದರೂ ಇಬ್ಬರು ಚಾಲಕರ ನಡುವೆ ಲೀಟರಿಗೆ ನಾಲ್ಕೈದು ಕಿಲೋಮೀಟರ್ ವ್ಯತ್ಯಾಸ ಬರುವುದುಂಟು.

ಒಂದು ಕಾರು, ಎರಡು ಶಕ್ತಿ

ಪೆಟ್ರೋಲ್ ಎಂಜಿನ್ನನ್ನೂ ಎಲೆಕ್ಟ್ರಿಕ್ ಮೋಟರನ್ನೂ ಒಂದೇ ಗಾಡಿಯಲ್ಲಿ ಕೂಡಿಸುವ ಯೋಚನೆ ಹೊಸದಲ್ಲ. ಫರ್ಡಿನಾಂಡ್ ಪೋರ್ಷೆ 1900ರಲ್ಲೇ ಆಸ್ಟ್ರಿಯಾದ ಲೋನರ್ ಕಂಪನಿಗಾಗಿ ಅಂಥ ವಾಹನ ಕಟ್ಟಿದ್ದರು. ದೊಡ್ಡ ಪ್ರಮಾಣದಲ್ಲಿ ತಯಾರಾಗಿ ಜನರ ಕೈಸೇರಿದ ಮೊದಲ ಹೈಬ್ರಿಡ್ ಕಾರು ಮಾತ್ರ 1997ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಟೊಯೋಟಾ ಪ್ರಿಯಸ್.

ಪ್ರಿಯಸ್ 2010ರಲ್ಲಿ ಭಾರತಕ್ಕೂ ಬಂತು. ಆಮದಾಗಿ ಬರುತ್ತಿದ್ದ ಅದರ ಬೆಲೆ ಸಾಮಾನ್ಯರ ಕೈಗೆಟುಕುವಂತಿರಲಿಲ್ಲ. 2013ರಲ್ಲಿ ಬಿಡದಿಯ ಟೊಯೋಟಾ ಕಾರ್ಖಾನೆಯಲ್ಲಿ ಕ್ಯಾಮ್ರಿ ಹೈಬ್ರಿಡ್ ತಯಾರಾಗತೊಡಗಿತು. ಅದೂ ದುಬಾರಿ ಕಾರೇ. ಮಧ್ಯಮ ವರ್ಗದ ಮನೆಯಂಗಳಕ್ಕೆ ಹೈಬ್ರಿಡ್ ಬಂದದ್ದು 2022ರಲ್ಲಿ. ಆ ವರ್ಷದ ಮೇ ತಿಂಗಳಲ್ಲಿ ಹೋಂಡಾ ಸಿಟಿಯ ಹೈಬ್ರಿಡ್ ಬಂತು. ನಂತರ ಟೊಯೋಟಾ ಹೈರೈಡರ್ ಮತ್ತು ಮಾರುತಿ ಸುಜುಕಿ ಗ್ರ್ಯಾಂಡ್ ವಿಟಾರಾ ಬಂದವು. ಹೆಸರು ಎರಡಾದರೂ ಇವೆರಡೂ ತಯಾರಾದದ್ದು ಬಿಡದಿಯಲ್ಲೇ. ಅದೇ ವರ್ಷದ ಕೊನೆಗೆ ಅನಾವರಣಗೊಂಡ ಇನೋವಾ ಹೈಕ್ರಾಸ್ ಕೂಡ ಅಲ್ಲಿಯದೇ. ಹೀಗಾಗಿ ದೇಶದ ರಸ್ತೆಗಳಲ್ಲಿರುವ ಹೈಬ್ರಿಡ್ ಕಾರುಗಳಲ್ಲಿ ದೊಡ್ಡ ಪಾಲು ರಾಮನಗರದ ಪಕ್ಕದಿಂದ ಹೊರಟದ್ದು.

ಇಲ್ಲೊಂದು ವ್ಯತ್ಯಾಸ ತಿಳಿದಿರಬೇಕು. ಶೋರೂಮಿನಲ್ಲಿ ‘ಸ್ಮಾರ್ಟ್ ಹೈಬ್ರಿಡ್’, ‘ಮೈಲ್ಡ್ ಹೈಬ್ರಿಡ್’ ಎಂದು ಹೇಳಿ ಮಾರುವ ಕಾರುಗಳೂ ಇವೆ. ಅವುಗಳಲ್ಲಿರುವುದು ಎಂಜಿನ್ನಿಗೆ ಆಗಾಗ ಕೈಜೋಡಿಸುವ ಸಣ್ಣ ಮೋಟರ್. ಅದೊಂದರಿಂದಲೇ ಕಾರು ಓಡುವುದಿಲ್ಲ. ಈ ಲೇಖನದ ವಿಷಯ ‘ಸ್ಟ್ರಾಂಗ್ ಹೈಬ್ರಿಡ್’, ಅಂದರೆ ಎಂಜಿನ್ ನಿಂತಾಗಲೂ ಮೋಟರ್ ಬಲದಿಂದಷ್ಟೇ ಚಲಿಸಬಲ್ಲ ಕಾರು. ಇದನ್ನು ಮನೆಯಲ್ಲಿ ಪ್ಲಗ್‌ಗೆ ಹಾಕಿ ಚಾರ್ಜ್ ಮಾಡುವಂತಿಲ್ಲ. ಬ್ಯಾಟರಿಗೆ ಬರುವ ಕರೆಂಟು ಎರಡೇ ದಾರಿಯಿಂದ: ಎಂಜಿನ್ ಉತ್ಪಾದಿಸಿದ್ದು, ಇಲ್ಲವೇ ಬ್ರೇಕ್ ಹಾಕುವಾಗ ಮರಳಿ ಹಿಡಿದದ್ದು. ಕೊನೆಗೆ ನೋಡಿದರೆ ಎರಡರ ಮೂಲವೂ ಟ್ಯಾಂಕಿನ ಪೆಟ್ರೋಲೇ. ಬಿಟ್ಟಿ ಕರೆಂಟು ಎಂಬುದು ಈ ಕಾರಿನಲ್ಲಿ ಇಲ್ಲ. ಇದೊಂದು ಮನಸ್ಸಿನಲ್ಲಿ ನಿಂತರೆ ಓಡಿಸುವ ಕ್ರಮ ತಾನಾಗಿಯೇ ಅರ್ಥವಾಗುತ್ತದೆ.

ಉಳಿತಾಯ ಎಲ್ಲಿಂದ ಬರುತ್ತದೆ?

ಪೆಟ್ರೋಲ್ ಎಂಜಿನ್ ಎಲ್ಲ ಹೊತ್ತಿನಲ್ಲೂ ಒಂದೇ ಸಮನೆ ಚೆನ್ನಾಗಿ ದುಡಿಯುವ ಯಂತ್ರವಲ್ಲ. ಮಧ್ಯಮ ವೇಗದಲ್ಲಿ, ತಕ್ಕಷ್ಟು ಭಾರ ಎಳೆಯುವಾಗ ಅದು ಪೆಟ್ರೋಲಿನ ಶಕ್ತಿಯಲ್ಲಿ ದೊಡ್ಡ ಪಾಲನ್ನು ಚಲನೆಯಾಗಿಸುತ್ತದೆ. ಒಳ್ಳೆಯ ಹೈಬ್ರಿಡ್ ಎಂಜಿನ್ನುಗಳಲ್ಲಿ ಈ ಪಾಲು ಶೇ 40ರವರೆಗೂ ಹೋಗುತ್ತದೆ. ಅದೇ ಎಂಜಿನ್ ಟ್ರಾಫಿಕ್ಕಿನಲ್ಲಿ ತೆವಳುವಾಗ ಅರೆಹೊಟ್ಟೆಯ ಕೆಲಸಕ್ಕೆ ಪೂರ್ತಿ ಕೂಲಿ ಕೇಳುತ್ತದೆ. ಸಿಗ್ನಲ್‌ನಲ್ಲಿ ನಿಂತಾಗಲಂತೂ ಸುಟ್ಟದ್ದೆಲ್ಲ ನಷ್ಟ.

ಹೈಬ್ರಿಡ್ ವ್ಯವಸ್ಥೆ ಮಾಡುವ ಮುಖ್ಯ ಕೆಲಸವೆಂದರೆ ಎಂಜಿನ್ನನ್ನು ಅದಕ್ಕೆ ಒಗ್ಗದ ಕೆಲಸದಿಂದ ಬಿಡಿಸುವುದು. ತೆವಳುವುದು, ನಿಲ್ಲುವುದು, ನಿಂತಲ್ಲಿಂದ ಹೊರಡುವುದು ಇವೆಲ್ಲ ಮೋಟರಿನ ಪಾಲಿಗೆ. ಗಟ್ಟಿಯಾಗಿ ಎಳೆಯುವ ಕೆಲಸ ಎಂಜಿನ್ನಿಗೆ. ಇದಕ್ಕೆ ಹೊಂದುವಂತೆ ಎಂಜಿನ್ ಕೂಡ ಬೇರೆ ಬಗೆಯದು. ಬ್ರಿಟನ್ನಿನ ಜೇಮ್ಸ್ ಆಟ್ಕಿನ್ಸನ್ 1882ರಲ್ಲಿ ರೂಪಿಸಿದ ತತ್ವದಂತೆ, ಒಳಗೆ ಉರಿದ ಅನಿಲ ಹೆಚ್ಚು ದೂರ ಹಿಗ್ಗಿ ಹೆಚ್ಚು ಕೆಲಸ ಮಾಡುವಂತೆ ಇದನ್ನು ಹೊಂದಿಸಿರುತ್ತಾರೆ. ಇದರಿಂದ ಪೆಟ್ರೋಲ್ ಉಳಿಯುತ್ತದೆ, ಆದರೆ ಹೊರಡುವಾಗಿನ ಎಳೆತ ಕಡಿಮೆಯಾಗುತ್ತದೆ. ಆ ಕೊರತೆಯನ್ನು ಮೋಟರ್ ತುಂಬಿಕೊಡುತ್ತದೆ.

ಎರಡೂ ಶಕ್ತಿಗಳನ್ನು ಕೂಡಿಸುವ ವಿಧಾನ ಕಂಪನಿಯಿಂದ ಕಂಪನಿಗೆ ಬೇರೆ. ಟೊಯೋಟಾದ ಕಾರುಗಳಲ್ಲಿ ಎಂಜಿನ್, ಜನರೇಟರ್, ಚಾಲನೆಯ ಮೋಟರ್ ಮೂರೂ ಒಂದು ವಿಶಿಷ್ಟ ಹಲ್ಲುಚಕ್ರಗಳ ಗುಚ್ಛದ ಮೂಲಕ ಜೋಡಣೆಯಾಗಿವೆ. ಎಂಜಿನ್ನಿನ ಬಲ ಒಂದಷ್ಟು ನೇರ ಚಕ್ರಕ್ಕೆ, ಒಂದಷ್ಟು ಜನರೇಟರಿಗೆ ಹಂಚಿಹೋಗುತ್ತದೆ. ಹೋಂಡಾ ಸಿಟಿಯಲ್ಲಿ ನಗರದ ವೇಗದಲ್ಲಿ ಚಕ್ರ ತಿರುಗಿಸುವುದು ಮೋಟರ್ ಮಾತ್ರ, ಎಂಜಿನ್ ಕರೆಂಟು ಉತ್ಪಾದಿಸುತ್ತದೆ. ಹೆದ್ದಾರಿಯ ವೇಗಕ್ಕೆ ಬಂದ ಮೇಲೆ ಎಂಜಿನ್ ಕ್ಲಚ್ ಮೂಲಕ ನೇರವಾಗಿ ಚಕ್ರಕ್ಕೆ ಸೇರುತ್ತದೆ. ಎರಡರಲ್ಲೂ ಚಾಲಕ ಬದಲಿಸಬೇಕಾದ ಗಿಯರ್ ಇಲ್ಲ. ಹಾಗಾಗಿಯೇ ಜೋರಾಗಿ ಆಕ್ಸಲರೇಟರ್ ಒತ್ತಿದಾಗ ಎಂಜಿನ್ ಒಂದೇ ರಾಗದಲ್ಲಿ ಕೂಗುತ್ತದೆ, ವೇಗ ನಿಧಾನವಾಗಿ ಏರುತ್ತದೆ. ಹೊಸಬರು ಇದನ್ನು ಕೇಳಿ ಗಾಬರಿಯಾಗುವುದುಂಟು. ಅದು ದೋಷವಲ್ಲ.

ಹಗುರ ಪಾದದ ಒಂದು ತಪ್ಪು ತಿಳಿವಳಿಕೆ

ಹೈಬ್ರಿಡ್ ಕಾರು ಕೊಂಡ ಮೊದಲ ವಾರಗಳಲ್ಲಿ ಬಹುತೇಕರನ್ನು ಸೆಳೆಯುವುದು ಪರದೆಯ ಮೇಲೆ ಮೂಡುವ ಹಸಿರು ‘ಇ.ವಿ.’ ಚಿಹ್ನೆ. ಎಂಜಿನ್ ನಿಂತಿದೆ ಎಂಬುದರ ಗುರುತು ಅದು. ಅದು ಆರಿಹೋಗದಂತೆ ಆಕ್ಸಲರೇಟರನ್ನು ಸವರಿದಂತೆ ಒತ್ತುತ್ತ, ಹಿಂದಿನವರು ಹಾರ್ನ್ ಹೊಡೆದರೂ ಆಮೆಯ ವೇಗದಲ್ಲಿ ಏರುತ್ತ ಹೋಗುವವರಿದ್ದಾರೆ. ಇದರಿಂದ ಮೈಲೇಜ್ ಹೆಚ್ಚುತ್ತದೆ ಎಂಬ ನಂಬಿಕೆ ಬಲವಾಗಿದೆ. ಬಹಳ ಸಲ ಆಗುವುದು ತದ್ವಿರುದ್ಧ.

ಕಾರಣ ಬ್ಯಾಟರಿಯ ಗಾತ್ರ. ಹೈರೈಡರ್ ಮತ್ತು ಗ್ರ್ಯಾಂಡ್ ವಿಟಾರಾಗಳ ಬ್ಯಾಟರಿಯ ಪೂರ್ಣ ಸಾಮರ್ಥ್ಯ 0.76 ಕಿಲೋವಾಟ್ ಅವರ್, ಅಂದರೆ ಮನೆಯ ಮೀಟರಿನ ಲೆಕ್ಕದಲ್ಲಿ ಒಂದು ಯೂನಿಟ್ಟಿಗೂ ಕಡಿಮೆ. ಬ್ಯಾಟರಿ ಬಾಳಿಕೆ ಬರಲೆಂದು ಕಾರು ಅದನ್ನು ಪೂರ್ತಿ ಖಾಲಿಯಾಗಲೂ ಬಿಡುವುದಿಲ್ಲ, ಪೂರ್ತಿ ತುಂಬಲೂ ಬಿಡುವುದಿಲ್ಲ. ನಡುವಿನ ಒಂದು ಪಾಲನ್ನಷ್ಟೇ ಬಳಸುತ್ತದೆ. ಆ ಪಾಲಿನಲ್ಲಿ ಕಾರು ಓಡುವುದು ಎರಡು ಮೂರು ಕಿಲೋಮೀಟರ್. ವೇಗ ಹಿಡಿಯುವ ಕೆಲಸವನ್ನೆಲ್ಲ ಅದರ ಮೇಲೆ ಹೇರಿದರೆ ಬೇಗ ಬರಿದಾಗುತ್ತದೆ. ಆಗ ಎಂಜಿನ್ ಶುರುವಾಗಿ ಕಾರನ್ನೂ ಎಳೆಯಬೇಕು, ಬ್ಯಾಟರಿಯನ್ನೂ ತುಂಬಬೇಕು.

ಹೀಗೆ ತುಂಬಿದ ಕರೆಂಟು ದುಬಾರಿಯದು. ಪೆಟ್ರೋಲ್ ಉರಿದು ಎಂಜಿನ್ ತಿರುಗಬೇಕು, ಜನರೇಟರ್ ಅದನ್ನು ಕರೆಂಟಾಗಿಸಬೇಕು, ಬ್ಯಾಟರಿಯಲ್ಲಿ ಅದು ರಾಸಾಯನಿಕ ರೂಪಕ್ಕೆ ಹೋಗಬೇಕು, ಮತ್ತೆ ಕರೆಂಟಾಗಿ ಮೋಟರಿಗೆ ಬರಬೇಕು. ಪ್ರತಿ ಹೆಜ್ಜೆಯಲ್ಲೂ ಒಂದಿಷ್ಟು ಶಕ್ತಿ ಬಿಸಿಯಾಗಿ ಕಳೆದುಹೋಗುತ್ತದೆ. ನೇರವಾಗಿ ಚಕ್ರಕ್ಕೆ ಹೋಗಬಹುದಾಗಿದ್ದ ಬಲ ಸುತ್ತುದಾರಿ ಹಿಡಿದು ಸೊರಗಿ ಬರುತ್ತದೆ.

ಆದ್ದರಿಂದ ನಿಂತಲ್ಲಿಂದ ಹೊರಡುವಾಗ ಮೊದಲ ಕೆಲವು ಮೀಟರ್ ಮೋಟರ್ ಎಳೆಯಲಿ. ಆಮೇಲೆ ಎಂಜಿನ್ ಶುರುವಾಗುವಷ್ಟು ಒತ್ತಿ, ಸುತ್ತಲಿನ ವಾಹನಗಳ ಜೊತೆಜೊತೆಗೇ ಬೇಕಾದ ವೇಗಕ್ಕೆ ಬರುವುದು ಒಳ್ಳೆಯದು. ಎಂಜಿನ್ ಚೆನ್ನಾಗಿ ದುಡಿಯುವುದು ಈ ಮಧ್ಯಮ ಒತ್ತಡದಲ್ಲೇ. ಬೇಕಾದ ವೇಗ ಬಂದ ಕೂಡಲೇ ಪಾದವನ್ನು ಪೂರ್ತಿ ಎತ್ತಿ, ಮತ್ತೆ ಹಗುರವಾಗಿ ಇಡಬೇಕು. ಪಾದ ಎತ್ತಿದ ಕ್ಷಣ ಎಂಜಿನ್ ನಿಲ್ಲುತ್ತದೆ. ಹಗುರವಾಗಿ ಇಟ್ಟಾಗ ಮೋಟರ್ ಒಂದೇ ವೇಗವನ್ನು ಕಾಯ್ದುಕೊಂಡು ಹೋಗುತ್ತದೆ. ವೇಗ ಏರಿಸಲು ಎಂಜಿನ್, ಏರಿದ ವೇಗ ಕಾಯಲು ಮೋಟರ್. ನಗರದೊಳಗಿನ ಚಾಲನೆಯ ತಿರುಳು ಇಷ್ಟೇ. ಈ ಪಾದ ಎತ್ತಿಡುವ ಅಭ್ಯಾಸ ಕೆಲವೇ ದಿನಗಳಲ್ಲಿ ಕೂಡಿಬರುತ್ತದೆ.

ಟೊಯೋಟಾದಂಥ ಕಾರುಗಳ ಪರದೆಯಲ್ಲಿ ಇದಕ್ಕೆ ಸಹಾಯಕ್ಕೆಂದೇ ಒಂದು ಮುಳ್ಳು ಇದೆ. ಅದು ‘ಚಾರ್ಜ್’, ‘ಇಕೊ’, ‘ಪವರ್’ ಎಂಬ ಮೂರು ಭಾಗಗಳ ನಡುವೆ ಓಡಾಡುತ್ತದೆ. ವೇಗ ಹಿಡಿಯುವಾಗ ಮುಳ್ಳು ಇಕೊ ಭಾಗದ ಮೇಲ್ತುದಿಯಲ್ಲಿದ್ದರೆ ಸರಿ, ಪವರ್ ಭಾಗಕ್ಕೆ ಆಗಾಗ ಹೋಗದಿದ್ದರೆ ಸಾಕು. ಆದರೆ ಕಣ್ಣು ರಸ್ತೆ ಬಿಟ್ಟು ಪರದೆಯಲ್ಲಿ ನೆಟ್ಟರೆ ಉಳಿಸಿದ ಪೆಟ್ರೋಲಿಗಿಂತ ನೂರುಪಟ್ಟು ದಂಡ ತೆರಬೇಕಾದೀತು. ಮುಳ್ಳು ಎಲ್ಲಿದ್ದಾಗ ಪಾದಕ್ಕೆ ಹೇಗನ್ನಿಸುತ್ತದೆ ಎಂಬುದನ್ನು ಖಾಲಿ ರಸ್ತೆಯಲ್ಲಿ ಕಲಿತು, ಆಮೇಲೆ ಪರದೆಯನ್ನು ಮರೆಯುವುದೇ ಸರಿ.

ಕೆಲವು ಕಾರುಗಳಲ್ಲಿರುವ ‘ಇ.ವಿ.’ ಗುಂಡಿಯೂ ಉಳಿತಾಯಕ್ಕಾಗಿ ಇಟ್ಟದ್ದಲ್ಲ. ರಾತ್ರಿ ಹೊತ್ತು ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ, ಓಣಿಯಲ್ಲಿ ಸದ್ದಿಲ್ಲದೆ, ಹೊಗೆಯಿಲ್ಲದೆ ಸರಿಯಲು ಅದು ಒದಗುತ್ತದೆ. ‘ಇಕೊ ಮೋಡ್’ ಬೇರೆ. ಅದು ಆಕ್ಸಲರೇಟರಿನ ಚುರುಕನ್ನೂ ಎ.ಸಿ.ಯ ಜೋರನ್ನೂ ತಗ್ಗಿಸುತ್ತದೆ. ಪಾದ ಇನ್ನೂ ಹದಕ್ಕೆ ಬಾರದವರಿಗೆ ನಗರದಲ್ಲಿ ಇದು ಉಪಯುಕ್ತ.

ಬ್ರೇಕ್: ಹಣ ಮರಳಿ ಬರುವ ಜಾಗ

ಮಾಮೂಲಿ ಕಾರಿನಲ್ಲಿ ಬ್ರೇಕ್ ಒತ್ತಿದರೆ ಪ್ಯಾಡುಗಳು ಡಿಸ್ಕನ್ನು ಕಚ್ಚಿ ಹಿಡಿಯುತ್ತವೆ, ಕಾರಿನ ಓಟದ ಶಕ್ತಿಯೆಲ್ಲ ಬಿಸಿಯಾಗಿ ಗಾಳಿಗೆ ಹೋಗುತ್ತದೆ. ಎಷ್ಟು ಹೋಗುತ್ತದೆ ಎಂದು ಲೆಕ್ಕ ಹಾಕಬಹುದು. 1,400 ಕಿಲೋ ತೂಕದ ಕಾರು ಗಂಟೆಗೆ 60 ಕಿ.ಮೀ. ವೇಗದಲ್ಲಿದ್ದರೆ ಅದರಲ್ಲಿರುವ ಶಕ್ತಿ ಸುಮಾರು 194 ಕಿಲೋಜೂಲ್. ಆ ವೇಗ ತರಲು ಎಂಜಿನ್ ಹೆಚ್ಚುಕಡಿಮೆ 15ರಿಂದ 20 ಮಿಲಿಲೀಟರ್ ಪೆಟ್ರೋಲ್ ಸುಟ್ಟಿರುತ್ತದೆ. 60ರಿಂದ ಸೊನ್ನೆಗೆ ಇಳಿಸಿದ ಪ್ರತಿ ಸಲವೂ ಅಷ್ಟು ಹೋಯಿತೆಂದೇ ಅರ್ಥ. ಅರವತ್ತು ಸಲ ಹಾಗೆ ನಿಂತರೆ ಒಂದು ಲೀಟರ್ ಬರೀ ಬ್ರೇಕಿಗೆ ಆಹುತಿ. ನಗರದಲ್ಲಿ ದಿನವೂ ಓಡಾಡುವವರಿಗೆ ಅರವತ್ತು ನಿಲುಗಡೆ ದೊಡ್ಡ ಸಂಖ್ಯೆಯೇನಲ್ಲ.

ಹೈಬ್ರಿಡ್ ಕಾರಿನಲ್ಲಿ ಬ್ರೇಕಿಗೆ ಕಾಲಿಟ್ಟಾಗ ಮೊದಲು ದುಡಿಯುವುದು ಮೋಟರ್. ಕಾರನ್ನು ಓಡಿಸುತ್ತಿದ್ದ ಅದು ಈಗ ಜನರೇಟರ್ ಆಗಿ ತಿರುಗುತ್ತದೆ. ಚಕ್ರಗಳೇ ಅದನ್ನು ತಿರುಗಿಸಬೇಕಾದ್ದರಿಂದ ಕಾರಿನ ವೇಗ ತಗ್ಗುತ್ತದೆ, ಹುಟ್ಟಿದ ಕರೆಂಟು ಬ್ಯಾಟರಿಗೆ ಸೇರುತ್ತದೆ. ಹೋಗಿ ಬರುವ ಸೋರಿಕೆಯನ್ನೆಲ್ಲ ಕಳೆದರೆ, ಎಲ್ಲ ಅನುಕೂಲವಿದ್ದಾಗಲೂ ಮತ್ತೆ ಚಕ್ರಕ್ಕೆ ಸಿಗುವುದು ಮೂರನೇ ಎರಡು ಭಾಗದ ಆಸುಪಾಸು. ಪೂರ್ತಿ ಮಣ್ಣುಪಾಲಾಗುತ್ತಿದ್ದುದಕ್ಕೆ ಹೋಲಿಸಿದರೆ ಇದು ದೊಡ್ಡ ಲಾಭ.

ಆದರೆ ಒಂದು ಮಿತಿಯಿದೆ. ಸಣ್ಣ ಬ್ಯಾಟರಿ ಒಂದು ಕ್ಷಣಕ್ಕೆ ಇಷ್ಟೇ ಕರೆಂಟನ್ನು ಒಳಗೆ ತೆಗೆದುಕೊಳ್ಳಬಲ್ಲದು. ಬ್ರೇಕನ್ನು ಗಕ್ಕನೆ ಒತ್ತಿದರೆ ಬೇಕಾದ ನಿಲುಗಡೆಯ ಬಲ ಆ ಮಿತಿಯನ್ನು ಮೀರುತ್ತದೆ, ಮಿಕ್ಕದ್ದನ್ನು ಹಳೆಯ ಪ್ಯಾಡುಗಳೇ ಹಿಡಿಯುತ್ತವೆ. ಅಷ್ಟೂ ಬಿಸಿಯಾಗಿ ನಷ್ಟ. ಕಾರು ನಿಲ್ಲುವ ಕೊನೆಯ ಕೆಲವು ಮೀಟರಿನಲ್ಲೂ ದುಡಿಯುವುದು ಪ್ಯಾಡುಗಳೇ, ಅಷ್ಟು ನಿಧಾನದಲ್ಲಿ ಮೋಟರ್ ಹೆಚ್ಚೇನೂ ಹಿಡಿಯಲಾರದು. ಹಾಗಾಗಿ ಹೈಬ್ರಿಡ್ ಬ್ರೇಕಿನ ನಿಯಮ ಹೀಗೆ: ದೂರದಿಂದಲೇ, ಹಗುರವಾಗಿ, ಹೆಚ್ಚು ಹೊತ್ತು. ಮುಂದಿನ ಸಿಗ್ನಲ್ ಕೆಂಪಾದದ್ದು ಕಂಡ ತಕ್ಷಣ ಆಕ್ಸಲರೇಟರಿನಿಂದ ಪಾದ ಎತ್ತಿ, ಕಾರು ತನ್ನ ಪಾಡಿಗೆ ಉರುಳಲು ಬಿಟ್ಟು, ಆಮೇಲೆ ಬ್ರೇಕನ್ನು ಮೆಲ್ಲಗೆ ಒತ್ತಿ ಹಿಡಿಯಬೇಕು. ಎದುರಿಗೆ ಮಗುವೋ ದನವೋ ಅಡ್ಡ ಬಂದಾಗ ಮಾತ್ರ ಈ ಲೆಕ್ಕ ಯಾವುದೂ ಇಲ್ಲ. ಪೂರ್ತಿ ಬಲದಿಂದ ಒತ್ತುವುದೊಂದೇ ಸರಿ.

ಇದಕ್ಕಿಂತಲೂ ದೊಡ್ಡ ಲಾಭ ಬ್ರೇಕೇ ಬೇಕಾಗದಂತೆ ಓಡಿಸುವುದರಲ್ಲಿದೆ. ಬ್ಯಾಟರಿಗೆ ಹೋಗಿ ಮರಳುವಾಗ ಮೂರನೇ ಒಂದು ಭಾಗ ಸೋರಿಹೋಗುತ್ತದೆ, ಆದರೆ ಉರುಳುತ್ತಲೇ ಇರುವ ಕಾರಿನ ವೇಗ ಯಾವ ಸುತ್ತುದಾರಿಯೂ ಇಲ್ಲದೆ ಪೂರ್ತಿ ಬಳಕೆಗೆ ಬರುತ್ತದೆ. ಸಿಗ್ನಲ್ ಕಂಬದ ಮೇಲೆ ಸೆಕೆಂಡು ಎಣಿಸುವ ಗಡಿಯಾರ ಇರುವ ಕಡೆ ಇದು ಸುಲಭ: ಹಸಿರಾಗಲು ಹತ್ತು ಸೆಕೆಂಡಿದ್ದರೆ ಓಡಿಹೋಗಿ ನಿಲ್ಲುವ ಬದಲು ನಿಧಾನಕ್ಕೆ ಉರುಳುತ್ತ ಹೋಗಿ, ನಿಲ್ಲದೆಯೇ ದಾಟಬಹುದು. ಹಂಪ್‌ಗಳ ವಿಷಯದಲ್ಲೂ ಅಷ್ಟೆ. ನಮ್ಮ ಊರುಗಳ ಹಂಪ್‌ಗಳಲ್ಲಿ ಅನೇಕಕ್ಕೆ ಬಣ್ಣವಿಲ್ಲ, ಫಲಕವಿಲ್ಲ. ದಿನವೂ ಹೋಗುವ ದಾರಿಯ ಹಂಪ್‌ಗಳ ಜಾಗ ನೆನಪಿಟ್ಟುಕೊಂಡವರಿಗೆ ಮೈಲೇಜೂ ಹೆಚ್ಚು, ಸೊಂಟಕ್ಕೂ ಸುಖ. ಮುಂದಿನ ವಾಹನದ ಬಾಲ ಹಿಡಿಯದೆ ಸ್ವಲ್ಪ ಜಾಗ ಬಿಟ್ಟು ಹೋದರೆ, ಅದು ನಿಂತು ಹೊರಡುವಷ್ಟರಲ್ಲಿ ಹಿಂದಿನ ಕಾರು ನಿಲ್ಲದೆಯೇ ಸಾಗುತ್ತಿರುತ್ತದೆ. ಆ ಜಾಗಕ್ಕೆ ಬೈಕು ಆಟೊಗಳು ನುಗ್ಗುವುದು ಬೆಂಗಳೂರಿನಲ್ಲಿ ಖಂಡಿತ. ನುಗ್ಗಿದರೂ ನಷ್ಟವಾಗುವುದು ಕೆಲವು ಸೆಕೆಂಡು.

ಘಾಟಿಯ ಏರು, ಘಾಟಿಯ ಇಳುಕಲು

ಕರಾವಳಿಗೂ ಮಲೆನಾಡಿಗೂ ಓಡಾಡುವವರು ಈ ಭಾಗವನ್ನು ಚೆನ್ನಾಗಿ ತಿಳಿದಿರಬೇಕು. ಚಾರ್ಮಾಡಿ, ಆಗುಂಬೆ, ಶಿರಾಡಿ ಘಾಟಿಗಳನ್ನು ಇಳಿಯುವಾಗ ಬ್ಯಾಟರಿ ತುಂಬಿ, ಆಮೇಲೆ ಮಂಗಳೂರಿನವರೆಗೂ ಕರೆಂಟಿನಲ್ಲೇ ಹೋಗಬಹುದೆಂದು ಭಾವಿಸುವುದು ಸಹಜ. ಲೆಕ್ಕ ಬೇರೆಯೇ ಹೇಳುತ್ತದೆ. ಜನ, ಸಾಮಾನು ಸೇರಿ 1,500 ಕಿಲೋ ತೂಗುವ ಕಾರು 500 ಮೀಟರ್ ಎತ್ತರದಿಂದ ಇಳಿದರೆ ಬಿಡುಗಡೆಯಾಗುವ ಶಕ್ತಿ ಎರಡು ಯೂನಿಟ್. ಬ್ಯಾಟರಿಯ ಒಟ್ಟು ಸಾಮರ್ಥ್ಯವೇ ಮುಕ್ಕಾಲು ಯೂನಿಟ್, ಅದರಲ್ಲೂ ತುಂಬಲು ಬಿಡುವುದು ಒಂದು ಪಾಲನ್ನು ಮಾತ್ರ. ಬೋರ್‌ವೆಲ್ ನೀರನ್ನು ಚೊಂಬಿನಲ್ಲಿ ಹಿಡಿದಂತೆ, ಕೆಲವೇ ತಿರುವುಗಳಲ್ಲಿ ಬ್ಯಾಟರಿ ತುಂಬಿಬಿಡುತ್ತದೆ.

ತುಂಬಿದ ಮೇಲೆ ಮೋಟರ್ ಕಾರನ್ನು ಹಿಡಿದಿಡುವುದು ಕಡಿಮೆಯಾಗುತ್ತದೆ. ಇದು ಮೈಲೇಜಿನ ಪ್ರಶ್ನೆಗಿಂತ ಸುರಕ್ಷತೆಯ ಪ್ರಶ್ನೆ. ಬ್ರೇಕನ್ನೇ ನಂಬಿ ಇಳಿದರೆ ಪ್ಯಾಡುಗಳು ಕಾದು ಹಿಡಿತ ಕಳೆದುಕೊಳ್ಳಬಹುದು. ಇದಕ್ಕಾಗಿಯೇ ಗಿಯರ್ ಹಿಡಿಯ ಬಳಿ ‘ಬಿ’ ಎಂಬ ಸ್ಥಾನವಿದೆ. ಅದಕ್ಕೆ ಹಾಕಿದರೆ ಪಾದ ಎತ್ತಿದಾಗ ಕಾರು ಹೆಚ್ಚು ಬಿಗಿಯಾಗಿ ತಡೆದುಕೊಳ್ಳುತ್ತದೆ. ಟೊಯೋಟಾ ವ್ಯವಸ್ಥೆಯಲ್ಲಿ ಎಂಜಿನ್ ಪೆಟ್ರೋಲಿಲ್ಲದೆ ಬರೀ ತಿರುಗಿ ಆ ಶಕ್ತಿಯನ್ನು ನುಂಗುತ್ತದೆ. ಆಗ ಎಂಜಿನ್ ಜೋರಾಗಿ ಕೂಗುವುದು ಕೇಳಿಸುತ್ತದೆ, ಹೆದರಬೇಕಾಗಿಲ್ಲ. ಹೋಂಡಾ ಸಿಟಿಯಲ್ಲಿ ಸ್ಟೀರಿಂಗ್ ಹಿಂದಿನ ಸಣ್ಣ ಪಟ್ಟಿಗಳಿಂದಲೂ ಈ ತಡೆಯನ್ನು ಹೆಚ್ಚು ಕಡಿಮೆ ಮಾಡಬಹುದು. ಸಮತಟ್ಟು ರಸ್ತೆಯಲ್ಲಿ ‘ಬಿ’ ಬೇಕಿಲ್ಲ, ‘ಡಿ’ಯಲ್ಲೇ ಮೈಲೇಜ್ ಚೆನ್ನಾಗಿ ಬರುತ್ತದೆ.

ಘಾಟಿ ಏರುವಾಗ ಮಾಡಬೇಕಾದ್ದು ಕಡಿಮೆ. ದೀರ್ಘ ಏರಿನಲ್ಲಿ ದುಡಿಯುವುದು ಮುಖ್ಯವಾಗಿ ಎಂಜಿನ್ನೇ. ಒಂದೇ ಹದದ ವೇಗದಲ್ಲಿ ಏರಿದರೆ ಸಾಕು.

ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕಿ ಉರುಳಿಸುವುದು ನಮ್ಮ ಅನೇಕ ಚಾಲಕರಿಗೆ ರೂಢಿಯಾದ ‘ಉಳಿತಾಯ’. ಅದು ಯಾವ ಕಾರಿನಲ್ಲೂ ಅಪಾಯಕಾರಿ. ಹೈಬ್ರಿಡ್ ಕಾರಿನಲ್ಲಿ ಅಪಾಯದ ಜೊತೆಗೆ ನಷ್ಟವೂ ಹೌದು. ನ್ಯೂಟ್ರಲ್‌ನಲ್ಲಿ ಮೋಟರಿಗೂ ಚಕ್ರಕ್ಕೂ ಇರುವ ವ್ಯವಹಾರ ನಿಂತುಹೋಗುವುದರಿಂದ ಒಂದು ತೊಟ್ಟು ಕರೆಂಟೂ ಮರಳಿ ಬರುವುದಿಲ್ಲ. ಸಿಗ್ನಲ್‌ನಲ್ಲಿ ನಿಂತಾಗಲೂ ನ್ಯೂಟ್ರಲ್ ಬೇಡ. ಟೊಯೋಟಾ ಹೈಬ್ರಿಡ್‌ಗಳಲ್ಲಿ ನ್ಯೂಟ್ರಲ್‌ನಲ್ಲಿದ್ದಾಗ ಎಂಜಿನ್ ಓಡುತ್ತಿದ್ದರೂ ಬ್ಯಾಟರಿ ಚಾರ್ಜ್ ಆಗುವುದಿಲ್ಲ. ಬ್ರೇಕ್ ಒತ್ತಿ ‘ಡಿ’ಯಲ್ಲೇ ಇರುವುದು, ಹೆಚ್ಚು ಹೊತ್ತಾದರೆ ‘ಪಿ’ಗೆ ಹಾಕುವುದು ಸರಿಯಾದ ಕ್ರಮ.

ಹೆದ್ದಾರಿಯಲ್ಲಿ ವೇಗದ ಬೆಲೆ

ಮಾಮೂಲಿ ಕಾರು ನಗರಕ್ಕಿಂತ ಹೆದ್ದಾರಿಯಲ್ಲಿ ಹೆಚ್ಚು ಮೈಲೇಜ್ ಕೊಡುತ್ತದೆ. ಹೈಬ್ರಿಡ್ ಅನೇಕ ಸಲ ಇದನ್ನು ತಲೆಕೆಳಗು ಮಾಡುತ್ತದೆ, ನಗರದಲ್ಲಿ ಹೆಚ್ಚು ಕೊಟ್ಟು ಎಕ್ಸ್‌ಪ್ರೆಸ್‌ವೇಯಲ್ಲಿ ಕಡಿಮೆ ಕೊಡುತ್ತದೆ. ಹೆದ್ದಾರಿಯಲ್ಲಿ ಬ್ರೇಕ್ ಹಾಕುವ ಸಂದರ್ಭವೇ ಅಪರೂಪವಾದ್ದರಿಂದ ಮರಳಿ ಹಿಡಿಯಲು ಏನೂ ಇರುವುದಿಲ್ಲ. ಎಂಜಿನ್ ಹೆಚ್ಚು ಕಡಿಮೆ ಸದಾ ದುಡಿಯುತ್ತಿರುತ್ತದೆ.

ಅಲ್ಲಿ ಮೈಲೇಜನ್ನು ತಿನ್ನುವುದು ಗಾಳಿ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 80 ಕಿ.ಮೀ.ನಲ್ಲಿ ಇರುವುದಕ್ಕಿಂತ 100ರಲ್ಲಿ ಅದು ಶೇ 56ರಷ್ಟು ಹೆಚ್ಚು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಕಾರಿನ ವೇಗಮಿತಿ 100. ನೂರು ಕಿಲೋಮೀಟರ್ ದೂರವನ್ನು 100ರ ಬದಲು 80ರಲ್ಲಿ ಕ್ರಮಿಸಿದರೆ ಹೆಚ್ಚು ಹಿಡಿಯುವ ಸಮಯ ಕಾಲು ಗಂಟೆ. ಆ ಕಾಲು ಗಂಟೆ ಕೊಡಬಲ್ಲವರಿಗೆ ಬೇರೆ ಯಾವ ಉಪಾಯವೂ ಕೊಡದಷ್ಟು ಉಳಿತಾಯ ಇದೊಂದರಲ್ಲೇ ಇದೆ. ನಿಧಾನವಾಗಿ ಹೋಗುವವರು ಎಡಬದಿಯ ಲೇನ್‌ನಲ್ಲೇ ಇರಬೇಕೆಂಬುದನ್ನು ಬೇರೆ ಹೇಳಬೇಕಿಲ್ಲ.

ವೇಗ ಹಿಡಿದು, ಎಂಜಿನ್ ನಿಲ್ಲಿಸಿ ಉರುಳಿ, ಮತ್ತೆ ವೇಗ ಹಿಡಿಯುವ ಒಂದು ತಂತ್ರವನ್ನು ಅಮೆರಿಕದ ಮೊದಲ ಪ್ರಿಯಸ್ ಮಾಲೀಕರು ಕಲೆಯಂತೆ ಬೆಳೆಸಿದರು. ಇಂಥ ಅತಿ ಮೈಲೇಜಿನ ಹಟಕ್ಕೆ ‘ಹೈಪರ್‌ಮೈಲಿಂಗ್’ ಎಂಬ ಹೆಸರೂ ಬಂತು. ವೇಗ ಏರುಪೇರಾಗುವ ಈ ಆಟ ತುಂಬಿದ ಭಾರತೀಯ ರಸ್ತೆಗೆ ಒಗ್ಗುವಂಥದ್ದಲ್ಲ. ಗಾಳಿಯ ತಡೆ ತಪ್ಪಿಸಿಕೊಳ್ಳಲು ಲಾರಿಯ ಹಿಂದೆ ಅಂಟಿಕೊಂಡು ಹೋಗುವುದು ಅದಕ್ಕಿಂತ ಕೆಟ್ಟದ್ದು. ಬ್ರೇಕ್ ಲೈಟ್ ಉರಿಯದ ಲಾರಿಗಳು ಎಷ್ಟಿವೆ ಎಂಬುದು ಹೆದ್ದಾರಿ ಬಲ್ಲ ಎಲ್ಲರಿಗೂ ಗೊತ್ತು.

ತಣ್ಣಗಿನ ಎಂಜಿನ್, ಬಿಸಿ ಕಾರು

ಬೆಳಿಗ್ಗೆ ಕಾರು ಹೊರಟ ಕೂಡಲೇ, ಬ್ಯಾಟರಿಯಲ್ಲಿ ಚಾರ್ಜ್ ಇದ್ದರೂ, ಎಂಜಿನ್ ಶುರುವಾಗುತ್ತದೆ. ಹೊಗೆಯನ್ನು ಶುದ್ಧಗೊಳಿಸುವ ಕೆಟಲಿಟಿಕ್ ಕನ್ವರ್ಟರ್ ಬಿಸಿಯಾದರೆ ಮಾತ್ರ ಕೆಲಸ ಮಾಡುತ್ತದೆ. ಅದಕ್ಕಾಗಿ ಮೊದಲ ಕೆಲವು ನಿಮಿಷ ಎಂಜಿನ್ ಓಡಲೇಬೇಕು. ಮನೆಯಿಂದ ತರಕಾರಿ ಅಂಗಡಿಗೆ, ಅಲ್ಲಿಂದ ಶಾಲೆಗೆ, ನಡುವೆ ಗಂಟೆಗಟ್ಟಲೆ ನಿಲುಗಡೆ ಎಂಬಂಥ ತುಂಡು ಓಡಾಟದಲ್ಲಿ ಹೈಬ್ರಿಡ್‌ನ ಮೈಲೇಜ್ ಕುಸಿಯುವುದು ಇದರಿಂದಲೇ. ನಾಲ್ಕು ಕೆಲಸಗಳನ್ನು ಒಂದೇ ಸುತ್ತಿನಲ್ಲಿ ಮುಗಿಸಿದರೆ ಎಂಜಿನ್ ಒಮ್ಮೆ ಬಿಸಿಯಾದದ್ದು ಕೊನೆಯವರೆಗೂ ಒದಗುತ್ತದೆ.

ಎ.ಸಿ. ಕಂಪ್ರೆಸರ್ ಕರೆಂಟಿನಿಂದ ನಡೆಯುತ್ತದೆ, ಎಂಜಿನ್ ನಿಂತರೂ ತಂಪು ನಿಲ್ಲುವುದಿಲ್ಲ. ಆದರೆ ಆ ಕರೆಂಟಿನ ಮೂಲವೂ ಪೆಟ್ರೋಲೇ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಬಿಸಿಲಲ್ಲಿ ನಿಂತ ಕಾರಿನೊಳಗೆ ತುಂಬಿದ ಕಾವನ್ನು ಮೊದಲು ಕಿಟಕಿ ಇಳಿಸಿ ಹೊರಗೆ ಬಿಟ್ಟು, ಆಮೇಲೆ ಎ.ಸಿ. ಹಾಕಬೇಕು. ಹೆದ್ದಾರಿಯಲ್ಲಿ ಮಾತ್ರ ಕಿಟಕಿ ತೆರೆಯುವುದಕ್ಕಿಂತ ಮುಚ್ಚಿ ಎ.ಸಿ. ಹಾಕುವುದೇ ಮೇಲು.

ಟೈರಿನ ಗಾಳಿಯನ್ನು ಹದಿನೈದು ದಿನಕ್ಕೊಮ್ಮೆ, ಟೈರ್ ತಣ್ಣಗಿದ್ದಾಗ, ಬಾಗಿಲಿನ ಚೌಕಟ್ಟಿಗೆ ಅಂಟಿಸಿದ ಚೀಟಿಯಲ್ಲಿರುವಷ್ಟೇ ಹಾಕಿಸಬೇಕು. ಡಿಕ್ಕಿಯಲ್ಲಿ ಬೇಡದ ಭಾರ, ಚಾವಣಿಯ ಮೇಲೆ ಬಳಸದ ಕ್ಯಾರಿಯರ್ ಎರಡೂ ಇರಬಾರದು.

ಮೈಲೇಜನ್ನು ಅಳೆಯುವುದು ಹೇಗೆ?

ಹೈರೈಡರ್‌ಗೆ ಕಂಪನಿ ಹೇಳುವ ಮೈಲೇಜ್ ಲೀಟರಿಗೆ 27.97 ಕಿ.ಮೀ., ಇನೋವಾ ಹೈಕ್ರಾಸ್‌ಗೆ 23.24. ಇವು ಸುಳ್ಳಲ್ಲ, ಆದರೆ ರಸ್ತೆಯ ಮೇಲೆ ಅಳೆದದ್ದೂ ಅಲ್ಲ. ಪ್ರಯೋಗಾಲಯದಲ್ಲಿ ಉರುಳೆಗಳ ಮೇಲೆ ಚಕ್ರ ತಿರುಗಿಸಿ, ಎ.ಸಿ. ಹಾಕದೆ, ಗರಿಷ್ಠ ವೇಗ 90 ಮೀರದಂತೆ ಒಂದು ನಿಗದಿತ ಕ್ರಮದಲ್ಲಿ ಓಡಿಸಿ ಪಡೆದ ಅಂಕಿಗಳು. ಒಂದು ಕಾರನ್ನು ಇನ್ನೊಂದಕ್ಕೆ ಹೋಲಿಸಲು ಅವು ಸಾಕು, ಮನೆಯ ಖರ್ಚು ಲೆಕ್ಕ ಹಾಕಲು ಸಾಲವು.

ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಇರುವುದನ್ನೂ ಗಮನಿಸಬೇಕು. ಒಂದು ಲೀಟರ್ ಎಥನಾಲ್‌ನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗದಷ್ಟು ಕಡಿಮೆ. ಆ ಲೆಕ್ಕದಲ್ಲಿ ಈ ಮಿಶ್ರಣದ ಲೀಟರಿನಲ್ಲಿ ಶುದ್ಧ ಪೆಟ್ರೋಲಿಗಿಂತ ಶೇ 6–7ರಷ್ಟು ಶಕ್ತಿ ಕಡಿಮೆಯಿರುತ್ತದೆ. ಮೈಲೇಜ್ ತುಸು ತಗ್ಗಿದರೆ ತಪ್ಪು ಪಾದದ್ದೇ ಎಂದುಕೊಳ್ಳಬೇಕಾಗಿಲ್ಲ.

ಸರಿಯಾದ ಲೆಕ್ಕ ಬೇಕಾದರೆ ಹಳೆಯ ವಿಧಾನವೇ ನಂಬಲರ್ಹ. ಬಂಕಿನಲ್ಲಿ ಗನ್ ತಾನಾಗಿ ನಿಲ್ಲುವವರೆಗೆ ಟ್ಯಾಂಕ್ ತುಂಬಿಸಿ ಟ್ರಿಪ್ ಮೀಟರನ್ನು ಸೊನ್ನೆ ಮಾಡಬೇಕು. ಮುಂದಿನ ಸಲ ಅದೇ ಬಂಕಿನಲ್ಲಿ ಅದೇ ರೀತಿ ತುಂಬಿಸಿ, ಓಡಿದ ಕಿಲೋಮೀಟರನ್ನು ಹಿಡಿದ ಲೀಟರಿನಿಂದ ಭಾಗಿಸಬೇಕು. ಒಂದೆರಡು ಟ್ಯಾಂಕಿಗೆ ನಿರ್ಣಯಕ್ಕೆ ಬರದೆ ಐದಾರು ಸಲದ ಸರಾಸರಿ ನೋಡಬೇಕು.

ಬ್ಯಾಟರಿ ಮತ್ತು ಬೀದಿಯವರ ಕಾಳಜಿ

ಹೈಬ್ರಿಡ್ ಬ್ಯಾಟರಿಗೆ ಮಾಲೀಕರು ಮಾಡಬೇಕಾದ ಆರೈಕೆ ಹೆಚ್ಚಿಲ್ಲ. ಅನೇಕ ಕಾರುಗಳಲ್ಲಿ ಹಿಂದಿನ ಸೀಟಿನ ಪಕ್ಕದಲ್ಲಿ ಬ್ಯಾಟರಿಗೆ ತಂಪು ಗಾಳಿ ಎಳೆಯುವ ಕಿಂಡಿ ಇರುತ್ತದೆ. ಬ್ಯಾಗು, ಬೆಡ್‌ಶೀಟುಗಳಿಂದ ಅದು ಮುಚ್ಚಿದರೆ ಬ್ಯಾಟರಿ ಕಾಯುತ್ತದೆ. ಆಗ ಕಾರು ಅದರ ಬಳಕೆಯನ್ನೇ ಕಡಿಮೆ ಮಾಡುತ್ತದೆ, ಮೈಲೇಜ್ ಇಳಿಯುತ್ತದೆ. ಧೂಳಿನ ಊರುಗಳಲ್ಲಿ ಅದರ ಜಾಲರಿಯನ್ನು ಸರ್ವಿಸ್ ಹೊತ್ತಿನಲ್ಲಿ ಕೇಳಿ ಶುಚಿ ಮಾಡಿಸಬೇಕು.

ಸದ್ದಿಲ್ಲದ ಕಾರಿನ ಹೊಣೆ ಇನ್ನೊಂದಿದೆ. ಓಣಿಯಲ್ಲಿ ಕರೆಂಟಿನ ಮೇಲೆ ಸರಿಯುವ ಕಾರು ಆಡುವ ಮಕ್ಕಳಿಗೆ, ಕಿವಿ ಮಂದವಾದ ಹಿರಿಯರಿಗೆ, ಸದ್ದನ್ನೇ ನೆಚ್ಚಿ ನಡೆಯುವ ಅಂಧರಿಗೆ ಗೊತ್ತೇ ಆಗುವುದಿಲ್ಲ. ಅಲ್ಲೆಲ್ಲ ನಡಿಗೆಯ ವೇಗ ಮೀರಬಾರದು.

ಯಾರಿಗೆ ಲಾಭ?

ಉಳಿತಾಯವನ್ನು ರೂಪಾಯಿಯಲ್ಲಿ ನೋಡುವುದು ಕಷ್ಟವಲ್ಲ. ನಗರದಲ್ಲಿ ಮಾಮೂಲಿ ಪೆಟ್ರೋಲ್ ಕಾರು ಲೀಟರಿಗೆ 15, ಅದೇ ಗಾತ್ರದ ಹೈಬ್ರಿಡ್ 22 ಕಿ.ಮೀ. ಕೊಡುತ್ತದೆಂದು ಇಟ್ಟುಕೊಳ್ಳೋಣ. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿದರೆ ಉಳಿಯುವುದು 21 ಲೀಟರ್, ಲೀಟರಿಗೆ ನೂರು ರೂಪಾಯಿಯ ಲೆಕ್ಕದಲ್ಲಿ 2,100 ರೂಪಾಯಿ. ಕೊಳ್ಳುವಾಗ ಹೈಬ್ರಿಡ್‌ಗೆ ಎರಡು ಲಕ್ಷ ಹೆಚ್ಚು ಕೊಟ್ಟಿದ್ದರೆ ಅದು ಮರಳಲು ಸುಮಾರು ಎಂಟು ವರ್ಷ ಬೇಕು. ಎರಡು ಸಾವಿರ ಕಿಲೋಮೀಟರ್ ಓಡಿಸುವವರಿಗೆ ನಾಲ್ಕೇ ವರ್ಷ. ಚಾಲಕನ ಪಾದದಿಂದ ಇನ್ನೂ ಮೂರು ಕಿಲೋಮೀಟರ್ ಕೂಡಿಬಂದರೆ ಈ ಅವಧಿ ಮತ್ತೂ ತಗ್ಗುತ್ತದೆ.

ದಿನವೂ ನಗರದ ಟ್ರಾಫಿಕ್ಕಿನಲ್ಲಿ ಗಂಟೆಗಟ್ಟಲೆ ಕಳೆಯುವವರಿಗೆ ಹೈಬ್ರಿಡ್ ತಕ್ಕ ಕಾರು. ವಾರಕ್ಕೊಮ್ಮೆ ಕಾರು ತೆಗೆಯುವವರಿಗೆ, ಹೆಚ್ಚಾಗಿ ಎಕ್ಸ್‌ಪ್ರೆಸ್‌ವೇಯಲ್ಲೇ ಓಡಾಡುವವರಿಗೆ ಹಣದ ದೃಷ್ಟಿಯಿಂದ ಅದು ಅಷ್ಟು ಲಾಭದ್ದಲ್ಲ. ಕೊಳ್ಳುವ ಮುನ್ನ ಶೋರೂಮಿನವರು ತೋರಿಸುವ ಖಾಲಿ ರಸ್ತೆಯಲ್ಲಿ ಟೆಸ್ಟ್ ಡ್ರೈವ್ ಮಾಡಿ ಮುಗಿಸಬೇಡಿ. ತಾವು ದಿನವೂ ಹೋಗುವ ದಾರಿಯಲ್ಲಿ, ಸಂಜೆಯ ದಟ್ಟಣೆಯಲ್ಲಿ, ಟ್ರಿಪ್ ಮೀಟರನ್ನು ಸೊನ್ನೆ ಮಾಡಿಕೊಂಡು ಒಮ್ಮೆ ಓಡಿಸಿ ನೋಡಿ, ಆಮೇಲೆ ಮುಂಗಡ ಕೊಡಿ.